ಕಳಿಸಿದವನ ಪಕ್ಕದ ಜಾಗ

ನನ್ನ ನಾದಿನಿಯನ್ನು ಎಲ್ಲರೂ ಗಂಜಿ ಎಂದೇ ಕರೆಯುತ್ತಾರೆ. ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕುವ ಕೆಲಸ ಅವಳದು. ಹೆಸರಿಟ್ಟವಳು ಅಲ್ಲೇ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದ ಒಬ್ಬ ದಪ್ಪನೆಯ ಹೆಂಗಸು. "ಬಟ್ಟೆಗೆ ಹಾಕಿ ಮಿಕ್ಕಿದ್ದನ್ನ ಇವಳೇ ಕುಡೀತಾಳೆ ಕಣ್ರೇ, ಅದಕ್ಕೇ ಕತ್ತು ಹಾಗೆ ನೆಟ್ಟಗೆ ನಿಂತಿರೋದು" ಎಂದಿದ್ದಳಂತೆ. ಹೆಸರು ಅಂಟಿಕೊಂಡಿತು. ನನ್ನ ಗಂಡ ಕೂಡ, ಒಡಹುಟ್ಟಿದ ತಂಗಿಯನ್ನು, ಸಾಯುವ ತನಕ ಹಾಗೆಯೇ ಕರೆದರು.

ಅವಳ ವಿಷಯ ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಬಹಳ ಕಾಲ ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಇನ್ನು ಕಾದರೆ ಸಿಟ್ಟು ಉಳಿದು ನಾನೇ ಹೋಗಿಬಿಟ್ಟೇನು.

ಗಂಜಿ ಹಾಕುವುದೆಂದರೆ ಸುಲಭವೆಂದು ಜನ ತಿಳಿಯುತ್ತಾರೆ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಮೇಲೆ ಕುದಿಯುವ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತ, ಕೈ ನಿಲ್ಲಿಸದೆ ತಿರುಗಿಸಬೇಕು. ಹಾಲಿನಂತಿದ್ದದ್ದು ತಿಳಿಯಾಗಿ ಹೊಳೆಯುವಾಗ ಇಳಿಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಅಂಗಿಯ ಕಾಲರಿಗೆ ದಪ್ಪ, ಹಾಸಿಗೆಯ ಹೊದಿಕೆಗೆ ತೆಳು. ಅದ್ದಿದ ಬಟ್ಟೆ ಪೂರ್ತಿ ಒಣಗುವ ಮುಂಚೆ ಇಸ್ತ್ರಿ ಬೀಳಬೇಕು. ಗಂಜಿ ಇದನ್ನು ತನ್ನ ತಾಯಿಯಿಂದ, ಅಂದರೆ ನನ್ನ ಅತ್ತೆಯಿಂದ, ಕಲಿತಳು. ನಮ್ಮ ಚರ್ಚಿನಲ್ಲಿ ಕರ್ತನ ಕಡೆಯ ಊಟದ ನೆನಪಿಗೆ ಹಂಚುವ ರೊಟ್ಟಿ ಇಡುವ ಮೇಜಿಗೆ ಒಂದು ಬಿಳಿ ಬಟ್ಟೆಯಿದೆ, ಎರಡು ಕಡೆಯೂ ನೆಲದವರೆಗೆ ಇಳಿಯುವಷ್ಟು ಉದ್ದ. ಅದನ್ನು ಒಗೆದು ಗಂಜಿ ಹಾಕುವುದು ಮೊದಲು ಅತ್ತೆಯ ಪಾಲಿನದಾಗಿತ್ತು, ಅವರ ನಂತರ ಇವಳದಾಯಿತು. ಚರ್ಚಿನ ಅಂಗಳದಲ್ಲೇ ಅತ್ತೆಯನ್ನು ಮಣ್ಣು ಮಾಡಿದ್ದು, ನನ್ನ ಗಂಡನನ್ನೂ.

ಲಾಂಡ್ರಿಯ ಕಿಟಕಿಗೆ ಗಾಜು ಹಾಕಲು ಬಂದವನು ಇವಳನ್ನು ನೋಡಿದ, ಕೇಳಿದ, ಮದುವೆಯಾಯಿತು. ಗಾಜಿನಂಗಡಿಯ ಮಾಲೀಕ, ಚರ್ಚಿನ ಹಿರಿಯರಲ್ಲಿ ಒಬ್ಬ, ಮೊದಲ ಸಾಲಿನ ಬೆಂಚು ಅವನ ಮನೆತನದ್ದು. ಎದುರಿಗೆ ನಾನು ಅವನನ್ನು ಅವರು ಎನ್ನುತ್ತೇನೆ. ಇಲ್ಲಿ ಎನ್ನುವುದಿಲ್ಲ.

ಮಕ್ಕಳಾಗಲಿಲ್ಲ. ಅದಕ್ಕಾಗಿ ಅವನು ಬೈದದ್ದಿಲ್ಲ, ಹೊಡೆದದ್ದೂ ಇಲ್ಲ. ನನ್ನ ಗಂಡ ತೀರಿಹೋದ ಮೇಲೆ ಒಂದು ಬೆಳಿಗ್ಗೆ ಗಾಜು ಸಾಗಿಸುವ ಕೈಗಾಡಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಅದರ ಮೇಲೆ ಗಂಜಿಯ ಪೆಟ್ಟಿಗೆ, ಗಾಜಿಗೆ ಕೊಡುವ ಹಾಗೆ ಸುತ್ತಲೂ ಹುಲ್ಲು ಕೊಟ್ಟು ಹಗ್ಗದಲ್ಲಿ ಬಿಗಿದಿತ್ತು. ಗಾಡಿಯ ಹಿಂದೆ ಇವಳು ನಡೆದುಕೊಂಡು ಬಂದಿದ್ದಳು.

"ಏನೇ ಇದು? ಜಗಳ ಆಯ್ತಾ?" ಎಂದೆ.

"ಜಗಳ ಆಗಿದ್ರೆ ಎಷ್ಟೋ ವಾಸಿ ಇತ್ತು ಅತ್ತಿಗೆ. ಚಹಾ ಕುಡಿದ್ರು, ಲೋಟ ಕೆಳಗಿಟ್ರು, ಸ್ವಲ್ಪ ದಿನ ನಿಮ್ಮ ಅತ್ತಿಗೆ ಹತ್ರ ಇರು, ಹೇಳಿ ಕಳಿಸ್ತೀನಿ ಅಂದ್ರು."

"ಮತ್ತೆ ನೀನೇನಂದೆ?"

"ಲೋಟ ತೊಳೆದಿಟ್ಟು ಬಂದೆ."

ಹೇಳಿ ಕಳಿಸಲೇ ಇಲ್ಲ. ಸ್ವಲ್ಪ ದಿನ ಹೋಗಿ ವರ್ಷಗಳಾದವು. ಅಷ್ಟರಲ್ಲಿ ಅವನ ಮನೆಗೆ ಅಡುಗೆಗೆಂದು ಒಬ್ಬ ಹೆಂಗಸು ಬಂದು ಅಲ್ಲೇ ಉಳಿದಳು. ಅಡುಗೆಯವಳ ಬಟ್ಟೆ ಯಜಮಾನನ ಬಟ್ಟೆಯ ಜೊತೆ ಒಂದೇ ಗಂಟಿನಲ್ಲಿ ಲಾಂಡ್ರಿಗೆ ಬರುತ್ತಿತ್ತು. ಗಂಜಿಯೇ ಬಿಚ್ಚಿ ಬೇರೆ ಮಾಡುತ್ತಿದ್ದಳು. ಚರ್ಚಿನವರು ಮಾತ್ರ "ಪಾಪ, ಒಂಟಿ ಗಂಡಸು, ಬೇಯಿಸಿ ಹಾಕೋಕೆ ಯಾರಾದ್ರೂ ಬೇಡ್ವಾ?" ಎನ್ನುತ್ತಿದ್ದರು. ಹೆಂಡತಿಯಿರುವವನು ಒಂಟಿ ಗಂಡಸು ಹೇಗಾದ ಎಂದು ಒಬ್ಬರೂ ಕೇಳಲಿಲ್ಲ.

ಚರ್ಚಿನ ಗೋಡೆಯ ಮೇಲೆ ಸಭೆಯ ನಿಯಮಗಳನ್ನು ಅಚ್ಚು ಹಾಕಿಸಿ ಚೌಕಟ್ಟಿನಲ್ಲಿ ತೂಗುಹಾಕಿದ್ದರು. ಅದರಲ್ಲಿ ಒಂದು, ವಿವಾಹ ವಿಚ್ಛೇದನ ಮಾಡಿಕೊಂಡವರು ಹಿರಿಯರಾಗಿ ಇರುವಂತಿಲ್ಲ, ಅವರಿಗೆ ರೊಟ್ಟಿಯೂ ಇಲ್ಲ ಎಂಬುದು. ಆ ಚೌಕಟ್ಟಿನ ಗಾಜು ಅವನು ಕೊಟ್ಟ ಕಾಣಿಕೆ. ಪ್ರಾರ್ಥನೆಗೆ ಮುಂಚೆ ಕರವಸ್ತ್ರ ತೆಗೆದು ಅದನ್ನು ತಾನೇ ಒರೆಸುತ್ತಿದ್ದ. ಯಾರಾದರೂ ಹೆಂಡತಿಯ ಮಾತೆತ್ತಿದರೆ, "ನಾನೇನು ಡೈವೋರ್ಸ್ ಕೊಟ್ಟಿದ್ದೀನಾ? ಕೊಟ್ಟಿಲ್ಲ. ದೇವರ ಮುಂದೆ ಹಾಕಿದ ಗಂಟು, ನಾನ್ಯಾಕೆ ಬಿಚ್ಚಲಿ?" ಎನ್ನುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಅವರ ಲೆಕ್ಕದಲ್ಲಿ ಕಾಗದವೇ ಪಾಪ. ಕಾಗದ ಕೊಡದೆ ಹೆಂಡತಿಯನ್ನು ಕೈಗಾಡಿಯ ಹಿಂದೆ ನಡೆಸಿದರೆ ಅದು ಏನೂ ಅಲ್ಲ.

ನಮ್ಮ ಚರ್ಚಿನಲ್ಲಿ ರೊಟ್ಟಿ ಹಂಚುವ ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಿಂಗಳಿಗೊಂದು ಭಾನುವಾರ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ಮನೆಯ ಯಜಮಾನ ತುಂಡು ತೆಗೆದುಕೊಂಡು, ಮುರಿದು, ಮೊದಲು ಹೆಂಡತಿಗೆ ಕೊಡಬೇಕು, ಆಮೇಲೆ ಮಕ್ಕಳಿಗೆ, ಕೊನೆಗೆ ತಾನು ತಿನ್ನಬೇಕು. ವಿಧವೆಯರಿಗೆ ಪಕ್ಕದ ಗೋಡೆಯ ಬಳಿ ಬೇರೆ ಬೆಂಚಿದೆ. ನಮಗೆ ಅಯ್ಯನವರೇ, ಅಂದರೆ ಪಾದ್ರಿಗಳೇ, ತಂದು ಕೊಡುತ್ತಾರೆ. ಗಂಜಿ ವಿಧವೆಯಲ್ಲ, ನಮ್ಮ ಬೆಂಚಿಗೆ ಬರುವಂತಿಲ್ಲ. ಗಂಡ ಕೊಡುವುದಿಲ್ಲ. "ನಿನಗೆ ಕೊಡೋಕೆ ಗಂಡ ಇದ್ದಾರಲ್ಲಮ್ಮ, ನಾವು ಕೊಟ್ರೆ ಅವರಿಗೆ ಅವಮಾನ" ಎಂದರು ಹಿರಿಯರು. ಹೀಗೆ ಅವಳು ಬಾಗಿಲ ಬಳಿ, ಛತ್ರಿ ಒರಗಿಸುವ ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದಳು. ತಟ್ಟೆ ಅಲ್ಲಿಗೆ ಬರುವ ಮುಂಚೆ ತಿರುಗಿಬಿಡುತ್ತಿತ್ತು. ರೊಟ್ಟಿ ಇಟ್ಟ ಮೇಜಿನ ಬಟ್ಟೆ ಇವಳ ಕೈಯದು. ರೊಟ್ಟಿಯ ಚೂರು ಮಾತ್ರ ಇವಳ ಕೈಗಿಲ್ಲ. ಪಕ್ಕದ ಬೆಂಚಿನಿಂದ ಅದನ್ನು ನೋಡುತ್ತ ನಾನು ನನ್ನ ಪಾಲಿನದನ್ನು ನುಂಗುತ್ತಿದ್ದೆ.

ಲಾಂಡ್ರಿಯ ಬಾಯ್ಲರ್ ರಿಪೇರಿಗೆ ಬರುತ್ತಿದ್ದ ಮೇಸ್ತ್ರಿ ಹೆಂಡತಿ ಸತ್ತವನು. ನಮ್ಮ ಚರ್ಚಿನವನೇ, ಕೊನೆಯ ಸಾಲಿನವನು. ಕಪ್ಪು ಎಣ್ಣೆ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮಾತಾಡುತ್ತಿದ್ದ. "ಬಾಯ್ಲರು ಕೆಡ್ತಾನೇ ಇರ್ಲಿ ಅಂತ ದೇವರನ್ನ ಬೇಡೋ ಮೇಸ್ತ್ರಿ ನಾನೊಬ್ನೇ ಅನ್ಸುತ್ತೆ ಅಕ್ಕ" ಎಂದು ಒಂದು ದಿನ ನನ್ನ ಹತ್ತಿರ ಬಂದು ನಿಂತ. ನನಗೆ ಅರ್ಥವಾಯಿತು. ಗಂಜಿಗೆ ಹೇಳಿದೆ.

ಅವಳು ಅಳಲಿಲ್ಲ, ನಾಚಲೂ ಇಲ್ಲ. "ಒಳ್ಳೆಯವ್ರು. ಆದ್ರೆ ನಾನು ಈಗ ಯಾರ ಹೆಂಡತಿ ಅಂತ ಮೊದಲು ಯಾರಾದ್ರೂ ಹೇಳ್ಲಿ ಅತ್ತಿಗೆ. ಆಮೇಲೆ ತಾನೇ ಇನ್ನೊಬ್ರ ಹೆಂಡತಿ ಆಗೋ ಮಾತು?"

ವಿಚ್ಛೇದನಕ್ಕೆ ಗಾಜಿನವನ ಸಹಿ ಬೇಕಾಗಿತ್ತು. ಇಬ್ಬರೂ ಒಪ್ಪಿದರೆ ಕೋರ್ಟಿನಲ್ಲಿ ಬೇಗ ಮುಗಿಯುತ್ತದೆ, ಇಲ್ಲದಿದ್ದರೆ ತಲೆ ನರೆಯುವವರೆಗೆ ಅಲೆಯಬೇಕು ಎಂದರು ವಕೀಲರು. ನಾವಿಬ್ಬರೂ ಅಂಗಡಿಗೆ ಹೋದೆವು. ಗೋಡೆಗೆ ಒರಗಿಸಿದ ಕನ್ನಡಿಗಳಲ್ಲೆಲ್ಲ ನಾವೇ ಕಾಣುತ್ತಿದ್ದೆವು. ಅವನು ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ಸಹಿ ಹಾಕಿದ್ರೆ ನನ್ನ ಹಿರಿತನ ಹೋಗುತ್ತೆ. ಅಷ್ಟೂ ಗೊತ್ತಾಗಲ್ವಾ ನಿನಗೆ?"

"ಮತ್ತೆ ನಾನು?"

"ನಿನಗೇನು ಕಮ್ಮಿ ಆಗಿದೆ? ಅತ್ತಿಗೆ ಮನೇಲಿ ಊಟ ಇದೆ, ಲಾಂಡ್ರಿಲಿ ಕೆಲಸ ಇದೆ." ಗಾಜನ್ನು ಗೆರೆಗೆ ಸರಿಯಾಗಿ ಟಕ್ಕೆಂದು ಮುರಿದ. "ಗಾಜಿನ ಚೂರಿದೆ, ನೋಡ್ಕೊಂಡು ಹೋಗಿ."

ಚೂರಿದೆ, ನೋಡಿಕೊಂಡು ಹೋಗಿ! ಎಂಥ ಕಾಳಜಿ!

ಆ ವಾರ ಅಯ್ಯನವರು ನಮ್ಮ ಮನೆಗೆ ಬಂದರು. ನಾನು ಕಾಳು ಆರಿಸುತ್ತಿದ್ದೆ. ಅವರು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಗಂಜಿ ನೇರವಾಗಿ ಕೇಳಿದಳು. "ಹೆಂಡತಿನ ಬಿಡಬಾರದು ಅಂತ ದೇವರ ಪುಸ್ತಕದಲ್ಲಿದೆಯಲ್ಲ, ಅದು ಕೋರ್ಟಿನ ಕಾಗದದ ಮಾತಾ ಅಯ್ಯನವರೇ?"

ಆ ಪುಸ್ತಕದ ಮೂಲ ಭಾಷೆಯಾದ ಗ್ರೀಕ್ ಅವರಿಗೆ ಗೊತ್ತು, ಅದನ್ನು ಓದಿಯೇ ಪಾದ್ರಿಗಳಾದವರು. ಯಾರೂ ಅದರ ವಿಷಯ ಕೇಳುತ್ತಿರಲಿಲ್ಲವೋ ಏನೋ, ಮುಖ ಅರಳಿತು.

"ಅಲ್ಲಮ್ಮ. ಮೂಲದಲ್ಲಿರೋ ಮಾತು ಅಪೊಲುಓ ಅಂತ. ಬಿಚ್ಚಿ ಕಳಿಸೋದು, ಬಿಟ್ಟುಬಿಡೋದು. ನಮ್ಮ ಕರ್ತಸ್ವಾಮಿ ಜನರ ಗುಂಪನ್ನ ಮನೆಗೆ ಕಳಿಸಿದ್ರು ಅನ್ನೋಕೆ ಅದೇ ಮಾತು. ಸೆರೆಲಿದ್ದವನನ್ನ ಬಿಟ್ರು ಅನ್ನೋಕೂ ಅದೇ. ಹೆಂಡತಿನ ಮನೆಯಿಂದ ಕಳಿಸಿಬಿಡೋದಕ್ಕೂ ಅದೇ. ಕೈಗೆ ಕೊಡೋ ತ್ಯಾಗಪತ್ರಕ್ಕೆ ಬೇರೆ ಮಾತಿದೆ, ಅಪೊಸ್ತಾಸಿಯೊನ್ ಅಂತ."

"ಹಾಗಾದ್ರೆ ಗಾಜಿನವರು ಮಾಡಿದ್ದು?" ಎಂದೆ ನಾನು.

"ಅದೇ. ಪತ್ರನೂ ಕೊಡದೆ ಕಳಿಸಿದ್ದು ಇನ್ನೂ ಅನ್ಯಾಯ. ಪತ್ರ ಅಂತ ಇಟ್ಟಿದ್ದೇ ಆ ಹೆಂಗಸಿಗೆ ಮುಂದೆ ದಾರಿ ಇರ್ಲಿ ಅಂತ." ಅವರು ಚಹಾ ಆರುವುದನ್ನೂ ಮರೆತಿದ್ದರು. "ಇನ್ನೊಂದು ಕೇಳಿ. ಎಷ್ಟೋ ವರ್ಷ ಬೆನ್ನು ಬಾಗಿಹೋಗಿದ್ದ ಒಬ್ಬ ಹೆಂಗಸಿಗೆ ಸ್ವಾಮಿ, ನಿನಗೆ ಬಿಡುಗಡೆ ಆಯ್ತು ಅಂತಾರಲ್ಲ, ಅಲ್ಲೂ ಅದೇ ಮಾತು."

"ನನ್ನ ಬೆನ್ನು ಬಾಗಿಲ್ಲವಲ್ಲ ಅಯ್ಯನವರೇ. ಅದಕ್ಕೇ ಇರ್ಬೇಕು, ನನಗಿನ್ನೂ ಆಗಿಲ್ಲ" ಎಂದಳು ಗಂಜಿ.

ಅಯ್ಯನವರು ನಕ್ಕರು. ನಾನು ನಗಲಿಲ್ಲ. "ಇದು ನಿಮಗೆ ಯಾವಾಗಿಂದ ಗೊತ್ತು?"

"ಓದೋ ಕಾಲದಿಂದ."

"ಹಾಗಾದ್ರೆ ಚರ್ಚಲ್ಲಿ ಹೇಳಿ."

ನಗು ಹೋಯಿತು. "ಸಮಯ ನೋಡಿ ಹೇಳ್ಬೇಕಮ್ಮ. ಅವರು ಹಿರಿಯರು, ಚರ್ಚಿನ ಕಿಟಕಿಗೆಲ್ಲ ಗಾಜು ಹಾಕಿಸಿದವರು. ಅಲ್ದೆ, ಪಂಡಿತರಲ್ಲಿ ಬೇರೆ ಅಭಿಪ್ರಾಯ ಇರೋರೂ ಇದ್ದಾರೆ…"

ಲೋಟ ಕೆಳಗಿಟ್ಟು ಎದ್ದರು. ನನ್ನ ಕೈಯಲ್ಲಿದ್ದ ಮೊರವನ್ನು ನಾನು ನೆಲಕ್ಕೆ ಕುಕ್ಕಿದೆ, ಕಾಳೆಲ್ಲ ಚೆಲ್ಲಿತು. ನನ್ನ ಒಲೆಯ ಪಕ್ಕದಲ್ಲಿ ಅವರ ಗ್ರೀಕ್ ಎಷ್ಟು ಸಲೀಸಾಗಿ ಹರಿಯಿತು! ಗಾಜಿನವನ ಎದುರು ಮಾತ್ರ ಅದಕ್ಕೆ ಪಂಡಿತರ ಅಭಿಪ್ರಾಯ ಬೇಕು. ಗಾಜಿನವನಿಗಾದರೂ ಅದರ ಅರ್ಥ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ತಿಂಗಳು ತಿಂಗಳೂ ಇವಳನ್ನು ಬಿಟ್ಟು ಉಳಿದವರಿಗೆಲ್ಲ ರೊಟ್ಟಿ ಹಂಚಿಸುತ್ತಿದ್ದರು.

ಕೋರ್ಟಿನ ವಿಷಯ ಹೇಳಲು ಗಂಜಿ ಹಿರಿಯರ ಸಭೆಗೆ ಹೋದಳು. ಜೊತೆಗೆ ನಾನೂ. ಚರ್ಚಿನ ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಗಾಜಿನವನೂ ಇದ್ದ. ನಮ್ಮನ್ನು ಕೂರಿ ಎನ್ನಲಿಲ್ಲ. ದೊಡ್ಡ ಹಿರಿಯರು ಪೆಟ್ರೋಲ್ ಬಂಕಿನ ಮಾಲೀಕರು, ಮಾತು ಅವರದೇ.

"ನೀನು ಕೋರ್ಟಿಗೆ ಹೋದ್ರೆ ಸಭೆಯಿಂದ ಹೆಸರು ತೆಗೀಬೇಕಾಗುತ್ತಮ್ಮ. ನಾಳೆ ಸತ್ರೆ ಈ ಅಂಗಳದಲ್ಲಿ ಜಾಗ ಕೊಡೋಕಾಗಲ್ಲ."

"ಅಮ್ಮ ಇಲ್ಲೇ ಇದ್ದಾಳೆ, ಅಣ್ಣ ಇಲ್ಲೇ ಇದ್ದಾನೆ" ಎಂದಳು ಗಂಜಿ. "ನನ್ನನ್ನ ಎಲ್ಲಿ ಹಾಕ್ತೀರಿ?"

"ಅದಕ್ಕೇ ಹೇಳ್ತಿರೋದು, ಸುಮ್ನೆ ಇರು. ಇವತ್ತಿಗೂ ನೀನು ಅವರ ಹೆಂಡತೀನೇ. ಅದನ್ನ ಯಾರೂ ನಿನ್ನಿಂದ ಕಿತ್ಕೊಂಡಿಲ್ಲ. ಏನಂತೀರಿ?" ಎಂದು ಗಾಜಿನವನ ಕಡೆ ತಿರುಗಿದರು.

"ಹೌದು ಹೌದು. ನಾನೆಲ್ಲಿ ಇಲ್ಲ ಅಂದೆ?" ಎಂದ ಅವನು.

ಅಯ್ಯನವರು ಮೂಲೆಯ ಕುರ್ಚಿಯಲ್ಲಿದ್ದರು. ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ಹಿಂತಿರುಗುವಾಗ ದಾರಿಯಲ್ಲಿ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಗಂಜಿ ಸುಮ್ಮನೆ ಬರುತ್ತಿದ್ದಳು. ತಿರುವಿನಲ್ಲಿ ನಿಂತಳು.

"ಕೇಳಿಸ್ಕೊಂಡ್ರಾ ಅತ್ತಿಗೆ? ನಾನು ಹೆಂಡತೀನಂತೆ."

"ಕೇಳಿಸ್ತು, ಅವರ ಬಾಯಿಗೆ ಮಣ್ಣು ಹಾಕ."

"ಸರಿ ಹಾಗಾದ್ರೆ" ಎಂದಳು.

ರೊಟ್ಟಿಯ ಭಾನುವಾರ ಬಂತು. ಮೇಜಿನ ಬಟ್ಟೆಗೆ ಆ ಸಲ ಎಂದಿಗಿಂತ ದಪ್ಪ ಗಂಜಿ ಹಾಕಿದ್ದಳು, ಅಂಚುಗಳು ಹಲಗೆಯಂತೆ ನಿಂತಿದ್ದವು. ಬಟ್ಟೆ ಹಾಸಿ, ಮಡಿಕೆ ನೇವರಿಸಿ, ಬಾಗಿಲ ಕಡೆಗೆ ಹೋಗಲಿಲ್ಲ. ನೇರವಾಗಿ ಮೊದಲ ಬೆಂಚಿಗೆ ಬಂದು ಗಾಜಿನವನ ಪಕ್ಕದಲ್ಲಿ ನಿಂತಳು. ವಿಧವೆಯರ ಬೆಂಚು ಪಕ್ಕದಲ್ಲೇ ಇರುವುದರಿಂದ ನನಗೆ ಎಲ್ಲ ಕಂಡಿತು, ಕೇಳಿಸಿತು ಕೂಡ.

"ಸ್ವಲ್ಪ ಆ ಕಡೆ ಸರೀರಿ."

"ಏನಿದು? ಹಿಂದೆ ಹೋಗು."

"ಯಾಕ್ರೀ? ಗಂಡನ ಪಕ್ಕ ತಾನೇ ಹೆಂಡತಿ ಕೂರೋದು? ಇನ್ನೊಬ್ರ ಪಕ್ಕ ಕೂತ್ರೆ ತಪ್ಪಾಗುತ್ತೆ."

ಹಾಡು ಶುರುವಾಯಿತು, ಅವಳು ಕೂತಳು. ಎರಡು ಬೆಂಚು ಹಿಂದೆ ಅಡುಗೆಯವಳು ಹಾಡಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಪೆಟ್ರೋಲ್ ಬಂಕಿನವರು ತಟ್ಟೆ ತಂದರು. ಗಾಜಿನವನು ಅಭ್ಯಾಸಬಲದಿಂದ ತುಂಡು ತೆಗೆದುಕೊಂಡ, ಮುರಿದ, ಅಲ್ಲಿಗೆ ನಿಂತ. ಗಂಜಿ ಕೈ ಚಾಚಿದ್ದಳು. ಬಿಸಿನೀರಿನಲ್ಲಿ ಬೆಂದು ಬಿರಿದ ಕೈ.

"ಕೊಡಿ. ಮೊದಲು ಹೆಂಡತಿಗೆ."

ಅವನು ಬಂಕಿನವರ ಮುಖ ನೋಡಿದ. ಅವರು ತಟ್ಟೆ ನೋಡಿದರು.

"ಕೊಡ್ರೀ. ಕೊಟ್ರೆ ಪೆಟ್ಟಿಗೆ ತಗೊಂಡು ಇವತ್ತೇ ಮನೆಗೆ ಬರ್ತೀನಿ. ಅಡುಗೆಯವರಿಗೆ ನಾನೇ ರಜ ಕೊಡ್ತೀನಿ, ಪಾಪ, ಬಹಳ ದಿನದಿಂದ ದುಡೀತಿದ್ದಾರೆ."

ಎಲ್ಲಿಂದಲೋ ಕಿಸಕ್ಕನೆ ನಗು ಬಂತು. ಅವನ ಕಿವಿ ಕೆಂಪಗಾಯಿತು. ಎದ್ದು ನಿಂತ, ಇಡೀ ಚರ್ಚಿಗೆ ಕೇಳುವಂತೆ ಕೂಗಿದ. "ಇವಳು ನನಗೆ ಯಾರೂ ಅಲ್ಲ! ಇವಳನ್ನ ನಾನು ಯಾವತ್ತೋ ಮನೆಯಿಂದ ಕಳಿಸಿಬಿಟ್ಟಿದ್ದೀನಿ!"

ಹಾಡು ನಿಂತಿತು. ಗಂಜಿ ಕೈ ಇಳಿಸಿದಳು. ಮೇಜಿನ ಹಿಂದೆ ನಿಂತಿದ್ದ ಅಯ್ಯನವರ ಕಡೆ ತಿರುಗಿದಳು.

"ಕೇಳಿಸ್ತಲ್ಲ ಅಯ್ಯನವರೇ. ಕಳಿಸಿಬಿಟ್ಟಿದ್ದಾರಂತೆ. ಪುಸ್ತಕ ಬೇಡ ಅಂದಿರೋದು ಏನನ್ನ? ಈಗ ಹೇಳಿ."

ಅವರು ಪುಸ್ತಕದ ಹಾಳೆ ತಿರುವತೊಡಗಿದರು. ನನಗೆ ತಡೆಯಲಾಗಲಿಲ್ಲ. ನಮ್ಮ ಬೆಂಚಿನಿಂದ ಎದ್ದು ನಿಂತೆ. "ನಮ್ಮ ಅಡುಗೆಮನೇಲಿ ಹೇಳಿದ್ರಲ್ಲ, ಅದೇ ಹೇಳಿ. ಬೇಕಾದ್ರೆ ಒಂದು ಲೋಟ ಚಹಾ ತರ್ತೀನಿ."

ಅಯ್ಯನವರು ಏನೋ ಗೊಣಗಿದರು.

"ಹಿಂದಿನವರಿಗೆ ಕೇಳಿಸ್ತಿಲ್ಲ!" ಎಂದು ಕೊನೆಯ ಸಾಲಿನಿಂದ ಬಾಯ್ಲರ್ ಮೇಸ್ತ್ರಿ ಕೂಗಿದ.

ಆಗ ಹೇಳಿದರು. ಮೇಜಿನ ಅಂಚು ಹಿಡಿದುಕೊಂಡು, ಗ್ರೀಕ್ ಮಾತನ್ನೂ ಹೇಳಿದರು, ಅರ್ಥವನ್ನೂ ಹೇಳಿದರು. "ಕಳಿಸೋದೇ. ಪುಸ್ತಕ ಬೇಡ ಅಂದಿರೋದು ಅದನ್ನೇ. ಕಾಗದ ಕೊಡದೆ ಕಳಿಸಿದ ಮಾತ್ರಕ್ಕೆ ಯಾರ ಕೈಯೂ ಶುದ್ಧ ಆಗಲ್ಲ." ಹೇಳಿ ಮುಗಿಸಿ ಬೆವರು ಒರೆಸಿಕೊಂಡರು.

ಗಾಜಿನವನು ಮುರಿದ ರೊಟ್ಟಿಯನ್ನು ಬೆಂಚಿನ ಮೇಲೆ ಬಿಟ್ಟು ಹೊರಗೆ ನಡೆದ. ಗಂಜಿ ಅದನ್ನು ಮುಟ್ಟಲಿಲ್ಲ. ಅಯ್ಯನವರು ತಾವೇ ತಟ್ಟೆ ಹಿಡಿದು ಅವಳ ಮುಂದೆ ಬಂದರು, ವಿಧವೆಯರಿಗೆ ಕೊಡುವ ಹಾಗೆ.

"ನಾನು ವಿಧವೆ ಅಲ್ಲ ಅಯ್ಯನವರೇ. ನಾನು ಏನು ಅಂತ ಹೇಳಿ ಕೊಡಿ."

ಅವರು ತಟ್ಟೆಯಿಂದ ಒಂದು ತುಂಡು ತೆಗೆದು ಮುರಿದರು. "ನಿನಗೆ ಬಿಡುಗಡೆ ಆಗಿದೆಯಮ್ಮ" ಎಂದರು. ಆಮೇಲೆ ಅವಳು ಕೈ ಚಾಚಿದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ತಾನೇ ಎಲ್ಲರ ಮುಂದೆ ಯಾರೂ ಅಲ್ಲ ಎಂದ ಮೇಲೆ ಅವನಿಗೆ ಕಾಪಾಡಿಕೊಳ್ಳಲು ಏನೂ ಉಳಿದಿರಲಿಲ್ಲ. ಅದೇ ಸಿಟ್ಟಿನಲ್ಲಿ ಸಹಿ ಹಾಕಿದ. ಬಂಕಿನವರಾಗಲಿ ಉಳಿದ ಹಿರಿಯರಾಗಲಿ ಗಂಜಿಯ ಬಳಿ ತಪ್ಪಾಯಿತು ಎನ್ನಲಿಲ್ಲ. ಅವಳ ಹೆಸರು ತೆಗೆಯುವ ಮಾತನ್ನು ಮತ್ತೆ ಎತ್ತಲಿಲ್ಲ, ಅಷ್ಟೆ. ಗಾಜಿನವನು ಒಂದು ದಿನ ಬಂದು ನಿಯಮದ ಚೌಕಟ್ಟಿನಿಂದ ತನ್ನ ಗಾಜನ್ನು ಮಾತ್ರ ಕಳಚಿಕೊಂಡು ಹೋದ. ಕಾಗದ ಇನ್ನೂ ಅಲ್ಲೇ ಇದೆ, ನಾಲ್ಕು ಮೂಲೆಯೂ ಮುದುರಿ, ಮೇಲೆ ನೊಣ ಕೂರುತ್ತದೆ. ಅದನ್ನು ತೆಗೆಯಲು ಒಬ್ಬರಿಗೂ ಕೈ ಬಂದಿಲ್ಲ.

ಗಂಜಿ ಮತ್ತು ಮೇಸ್ತ್ರಿಯ ಮದುವೆ ಅದೇ ಚರ್ಚಿನಲ್ಲಿ, ಅದೇ ಅಯ್ಯನವರ ಕೈಯಲ್ಲಿ ಆಯಿತು. ನಾನಾಗಿದ್ದರೆ ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ಅಮ್ಮ ಇರೋ ಜಾಗ ಬಿಟ್ಟು ಎಲ್ಲಿಗೆ ಹೋಗ್ಲಿ ಅತ್ತಿಗೆ?" ಎಂದಳು ಅವಳು. ರೊಟ್ಟಿಯ ಭಾನುವಾರ ಈಗ ಅವಳು ಕೊನೆಯ ಸಾಲಿನಲ್ಲಿ ಮೇಸ್ತ್ರಿಯ ಪಕ್ಕ ಕೂರುತ್ತಾಳೆ, ತಟ್ಟೆ ಅವಳವರೆಗೂ ಬರುತ್ತದೆ. ಮೇಸ್ತ್ರಿ ಕೈಯನ್ನು ಉಜ್ಜಿ ಉಜ್ಜಿ ತೊಳೆದು ಬರುತ್ತಾನೆ, ಆದರೂ ಉಗುರಿನ ಸಂದಿಯ ಎಣ್ಣೆ ಹೋಗುವುದಿಲ್ಲ. ಅದೇ ಕೈಯಲ್ಲಿ ಮುರಿದು ಕೊಡುತ್ತಾನೆ, ಅವಳು ತಿನ್ನುತ್ತಾಳೆ.

ಮೊನ್ನೆ ಅಯ್ಯನವರು ಮನೆಗೆ ಬಂದಿದ್ದರು. ಮುದುಕರಾಗಿದ್ದಾರೆ, ನನ್ನ ಹಾಗೆ. ಅದೇ ಸ್ಟೂಲಿನ ಮೇಲೆ ಕೂತರು.

"ಇನ್ನೂ ನನ್ನ ಮೇಲೆ ಕೋಪಾನಾ ಅಮ್ಮ? ಕೊನೆಗೆ ಹೇಳಿದ್ನಲ್ಲ."

"ಹೇಳಿದ್ರಿ. ಅವಳು ಹೇಳಿಸಿದ್ಲು, ನೀವು ಹೇಳಿದ್ರಿ. ಅವಳು ಮೊದಲ ಬೆಂಚಲ್ಲಿ ಹೋಗಿ ಕೂರೋವರೆಗೂ ಆ ಮಾತನ್ನ ಎಲ್ಲಿ ಇಟ್ಕೊಂಡಿದ್ರಿ ಅಯ್ಯನವರೇ?"

ನಾನು ಚಹಾ ಕೊಟ್ಟೆ. ಮನೆಗೆ ಬಂದವರಿಗೆ ಕೊಡದೆ ಇರಲು ನನಗೆ ಬರುವುದಿಲ್ಲ. ಸಕ್ಕರೆ ಹಾಕಲಿಲ್ಲ. ಅವರೂ ಕೇಳಲಿಲ್ಲ.